ಹಿತ್ತಲಿಗೆ ಬಂದ ದುಬೈ ಹುಲ್ಲು

ಚಪ್ಪರ ಹಾಕುವವನಿಗೆ ಹುಲ್ಲು ಹಾಸುವುದು ಒಂದು ಕೆಲಸವೇ? ಅಲ್ಲ ಎಂದು ನಾನು ತಿಳಿದುಕೊಂಡಿದ್ದೆ. ಅದು ಕೆಲಸವಲ್ಲ ಎಂದೇ ಇವತ್ತಿಗೂ ನನ್ನ ಅಭಿಪ್ರಾಯ. ಅದು ಅನುಭವ!

ನನ್ನ ಹೆಸರು ಶೀನಪ್ಪ. ಪಾಣೆಮಂಗಳೂರಿನಲ್ಲಿ ಶಾಮಿಯಾನದ ಅಂಗಡಿ ಇಟ್ಟುಕೊಂಡವನು. ಮದುವೆಯಿಂದ ಹಿಡಿದು ಉತ್ತರಕ್ರಿಯೆಯವರೆಗೆ ಯಾರ ಮನೆಯಲ್ಲಿ ಏನೇ ಆಗಲಿ, ಚಪ್ಪರ, ಕುರ್ಚಿ, ಪಾತ್ರೆ ನನ್ನದು. ಇಪ್ಪತ್ತು ವರ್ಷಗಳಲ್ಲಿ ನಾನು ಹಾಕಿದ ಒಂದು ಚಪ್ಪರವೂ ಬಿದ್ದಿಲ್ಲ. ವಾಮದಪದವಿನಲ್ಲಿ ಒಮ್ಮೆ ಒಂದು ವಾಲಿದ್ದುಂಟು. ವಾಲುವುದು ಬೇರೆ, ಬೀಳುವುದು ಬೇರೆ. ಈ ಸೂಕ್ಷ್ಮ ನನ್ನ ಹೆಂಡತಿ ಸುಮತಿಗೆ ಇಂದಿನವರೆಗೂ ಅರ್ಥವಾಗಿಲ್ಲ.

ಈ ಕಥೆಗೆ ಮೂಲ ನಮ್ಮ ಮಗಳು ಅಶ್ವಿನಿಯ ಎಡ ಮೊಣಗಂಟು. ಅವಳು ಆಗ ಎಂಟನೇ ಕ್ಲಾಸು. ಶಟಲ್ ಆಟವೆಂದರೆ ಅವಳಿಗೆ ಊಟ ಬೇಡ, ನಿದ್ದೆ ಬೇಡ. ಹಿಂದಿನ ವರ್ಷ ತಾಲೂಕು ಪಂದ್ಯಾಟದಲ್ಲಿ, ಕೆಂಪು ಮುರಕಲ್ಲಿನ ಹರಳು ತುಂಬಿದ ಮೈದಾನದಲ್ಲಿ ಆಡುತ್ತಾ ಬಿದ್ದು ಮೊಣಗಂಟು ಒಡೆದುಕೊಂಡಳು. ಗಾಯ ಕೀವಾಯಿತು, ಜ್ವರ ಬಂತು, ಎರಡು ವಾರ ಶಾಲೆ ತಪ್ಪಿತು. ಆ ಎರಡು ವಾರ ಸುಮತಿ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಹದಿನೈದನೇ ದಿನ ತೀರ್ಪು ಕೊಟ್ಟಳು.

“ಬರುವ ವರ್ಷದ ಪಂದ್ಯಾಟದವರೆಗೆ ನೋಡ್ತೇನೆ. ಜಿಲ್ಲೆಗೆ ಆಯ್ಕೆ ಆದರೆ ಆಡಲಿ. ಆಗದಿದ್ದರೆ ಬ್ಯಾಟ್ ಅಟ್ಟಕ್ಕೆ. ಅದರ ಮಧ್ಯೆ ಒಂದೇ ಒಂದು ಸಲ ಮೊಣಗಂಟು ಒಡ್ಕೊಂಡು ಬಂದರೂ ಬ್ಯಾಟ್ ಅಟ್ಟಕ್ಕೆ!”

ಇದು ಬಾಯಿಮಾತು ಎಂದುಕೊಂಡಿದ್ದೆ. ಮರುದಿನ ನೋಡಿದರೆ ಅಟ್ಟದಲ್ಲಿ ಹಳೆಯ ಕಡಾಯಿ ಇದ್ದ ಜಾಗ ಖಾಲಿ! ಬ್ಯಾಟಿಗೆ ಎಂದು ಜಾಗ ಗುಡಿಸಿ ಇಟ್ಟಾಗಿತ್ತು. ಅಶ್ವಿನಿ ಏಣಿಯ ಕೆಳಗೆ ನಿಂತು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಏನೂ ಹೇಳಲಿಲ್ಲ. ಅವಳು ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಸುಮ್ಮನಿದ್ದದ್ದೇ ನನಗೆ ತಡೆಯಲಾಗಲಿಲ್ಲ.

ಆದರೆ ಆಡುವುದೆಲ್ಲಿ? ಶಾಲೆಯ ಮೈದಾನವೂ ಅದೇ ಮುರಕಲ್ಲು. ಒಳ್ಳೆಯ ಒಳಾಂಗಣ ಬೇಕೆಂದರೆ ಮೂಡುಬಿದಿರೆಗೆ ಹೋಗಬೇಕು. ಎರಡು ಬಸ್ಸು ಹಿಡಿದು ಹೋಗಿ, ಆಡಿ, ಎರಡು ಬಸ್ಸು ಹಿಡಿದು ಬರುವಷ್ಟರಲ್ಲಿ ಮಗು ಊಟದ ಬಟ್ಟಲ ಮೇಲೆ ತೂಕಡಿಸುತ್ತಾಳೆ. ನಾನು ಮಂಡೆಬಿಸಿಯಲ್ಲಿರುವಾಗಲೇ ದುಬೈಯಿಂದ ನನ್ನ ಭಾವಮೈದುನ ಗಿರೀಶನ ಫೋನ್ ಬಂತು. ಅವನು ಅಲ್ಲಿ ದೊಡ್ಡ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ.

“ಭಾವಾ, ನಮ್ಮ ಹೋಟೆಲಿನ ಟೆನಿಸ್ ಕೋರ್ಟಿನ ಹುಲ್ಲು ಬದಲಿಸ್ತಾ ಇದ್ದಾರೆ. ಪ್ಲಾಸ್ಟಿಕ್ ಹುಲ್ಲು. ಹಳತನ್ನು ಬಿಸಾಡ್ತಾರಂತೆ. ಚಂದ ಉಂಟು. ಕಳಿಸುವುದಾ?”

ನಮ್ಮ ಊರಿನಲ್ಲಿ ಒಂದು ಕ್ರಮ ಉಂಟು. ಗಲ್ಫಿನಲ್ಲಿರುವವರು “ಕಳಿಸುವುದಾ?” ಎಂದು ಕೇಳಿದರೆ ಏನು ಎಂದು ಕೇಳಬಾರದು, ಕಳಿಸು ಎನ್ನಬೇಕು. ನಾನು ಕಳಿಸು ಎಂದೆ. ಫೋನ್ ಇಟ್ಟ ಮೇಲೆ ನನ್ನ ತಲೆಯೊಳಗೆ ಟ್ಯೂಬ್‌ಲೈಟ್ ಹೊತ್ತಿತು. ಹಿತ್ತಲು ಉಂಟು, ಹುಲ್ಲು ಬರ್ತದೆ, ಹಾಸಲು ನಾನಿದ್ದೇನೆ. ಮಗಳಿಗೆ ಮನೆಯಲ್ಲೇ ಕೋರ್ಟು! ಬಿದ್ದರೂ ಮೆತ್ತಗೆ!

ಎರಡು ತಿಂಗಳ ಮೇಲೆ ಕಾರ್ಗೋ ಲಾರಿ ಮನೆ ಮುಂದೆ ನಿಂತಿತು. ನಾಲ್ಕು ಜನ ಹೊತ್ತು ಇಳಿಸಿದ ನಾಲ್ಕು ಹಸಿರು ಸುರುಳಿಗಳು. ಸುಮತಿ ತಮ್ಮನ ಹತ್ತಿರ ದೋಸೆ ಅಂಟದ ಕಾವಲಿ ಕೇಳಿದ್ದಳು. ಅವಳು ಸುರುಳಿಗಳ ಸುತ್ತ ಒಂದು ಸುತ್ತು ಬಂದು ಕೇಳಿದಳು:

“ಎಂತ ಇದು?”

“ಹುಲ್ಲು.”

“ಹುಲ್ಲು ಇಲ್ಲಿ ಇಲ್ವಾ? ಅದಕ್ಕೆ ದುಬೈಯಿಂದ ಬರಬೇಕಾ?”

“ಇದು ಬೆಳೆಯುವುದಿಲ್ಲ.”

“ಬೆಳೆಯದ ಹುಲ್ಲು ಯಾರಿಗೆ ಬೇಕು ಮಾರಾಯ್ರೆ!”

ಅಷ್ಟರಲ್ಲಿ ಮೂರನೇ ಸುರುಳಿಯ ಹೊಟ್ಟೆಯೊಳಗಿಂದ ಒಂದು ಕಾವಲಿ, ಎರಡು ಡಬ್ಬಿ ಹಾಲಿನ ಪುಡಿ, ಆರು ಸೋಪು ಹೊರಬಿದ್ದವು. ಮನೆಯ ವಾತಾವರಣ ಸ್ವಲ್ಪ ತಂಪಾಯಿತು. ಆ ಕಾವಲಿಯ ಕಾರಣದಿಂದಲೇ ನನಗೆ ಹಿತ್ತಲು ಸಿಕ್ಕಿದ್ದು ಎಂದು ಈಗ ಅನ್ನಿಸುತ್ತದೆ.

ಅಳತೆಗೆ ಇಳಿದೆ. ಶಟಲ್ ಕೋರ್ಟಿಗೆ ನಲವತ್ತನಾಲ್ಕು ಅಡಿ ಉದ್ದ, ಇಪ್ಪತ್ತು ಅಡಿ ಅಗಲ ಬೇಕು. ನನ್ನ ಹತ್ತಿರ ಟೇಪು ಇತ್ತು. ಆದರೆ ಟೇಪು ಹಿಡಿಯುವುದು ಕಲಿಯುವವರ ಲಕ್ಷಣ. ಚಪ್ಪರದವನ ಒಂದು ಹೆಜ್ಜೆ ಎಂದರೆ ಸರಿಯಾಗಿ ಮೂರು ಅಡಿ. ಹೆಜ್ಜೆ ಹಾಕಿ ನೋಡಿದೆ: ಬಟ್ಟೆ ಒಗೆಯುವ ಕಲ್ಲಿನಿಂದ ಹಲಸಿನ ಮರದವರೆಗೆ ಹದಿನಾರು ಹೆಜ್ಜೆ. ನಲವತ್ತೆಂಟು ಅಡಿ! ಬೇಕಾದ್ದಕ್ಕಿಂತ ಹೆಚ್ಚು! ಆಮೇಲೆ ಅಶ್ವಿನಿ ಟೇಪು ಹಿಡಿದು ಅಳೆದಳು. ನಲವತ್ತೊಂದು.

“ಪಪ್ಪಾ, ಏಳು ಅಡಿ ಎಲ್ಲಿ ಹೋಯ್ತು?” ಎಂದು ಕೇಳಿದಳು.

ಇಪ್ಪತ್ತು ವರ್ಷಗಳಲ್ಲಿ ನನ್ನ ಹೆಜ್ಜೆ ಸ್ವಲ್ಪ ಸವೆದಿರಬೇಕು. ಇರಲಿ, ಕೋರ್ಟು ಮೂರಡಿ ಚಿಕ್ಕದಾದರೆ ಆಕಾಶ ಕಳಚಿ ಬೀಳುವುದಿಲ್ಲ ಎಂದು ಸಮಾಧಾನ ಹೇಳಿದೆ. ಹಲಸಿನ ಮರ ಕಡಿದರೆ ಸರಿಯಾಗುತ್ತಿತ್ತು. ಆದರೆ ಆ ಮರದಿಂದ ವರ್ಷಕ್ಕೆ ನೂರಾರು ಹಪ್ಪಳ ಮಾಡುವ ಸುಮತಿಯ ಎದುರು ಕೊಡಲಿ ಎಂಬ ಶಬ್ದವನ್ನು ಹೇಳುವ ಧೈರ್ಯ ನನಗಿರಲಿಲ್ಲ.

ಗಿರೀಶ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದ. “ಭಾವಾ, ಅಡಿಗೆ ಜಲ್ಲಿ ಹಾಕಿ ಗಟ್ಟಿ ಮಾಡಿ. ಹುಲ್ಲು ಹಾಸಿದ ಮೇಲೆ ಅದರೊಳಗೆ ಹೊಯಿಗೆ ಉದುರಿಸಿ. ಹೊಯಿಗೆ ಇದ್ದರೇ ಹುಲ್ಲು ನಿಲ್ಲುವುದು.”

ಹೊಯಿಗೆ ಎಂದರೆ ಮರಳು. ಒಂದು ಕೂಗಳತೆಯಲ್ಲಿ ನೇತ್ರಾವತಿ. ಹೊಳೆ ತುಂಬಾ ಹೊಯಿಗೆ! ಆದರೆ ನಾನು ಯೋಚಿಸಿದೆ. ಜಲ್ಲಿ, ಹೊಯಿಗೆ ಎಲ್ಲ ದುಬೈಗೆ ಸರಿ. ಇದು ನನ್ನ ಮಗಳು ಬೀಳುವ ಜಾಗ. ನಮ್ಮ ಕಸುಬಿನಲ್ಲಿ ಮದುವೆ ಅಂಗಳ ಕೆಸರಾದರೆ ಎಂತ ಮಾಡ್ತೇವೆ? ಮರದ ಹುಡಿ ಹಾಕಿ ಮೇಲೆ ಕಾರ್ಪೆಟ್ ಬಿಡುತ್ತೇವೆ. ಹಾಸಿಗೆಯ ಹಾಗೆ ಮೆತ್ತಗಾಗುತ್ತದೆ. ಹತ್ತಿರದ ಮನೆಯ ಹಸನಾಕ, ಅಂದರೆ ಹಸನ್ ಕಾಕ, ಅವರಿಗೆ ಮರದ ಮಿಲ್ಲು ಉಂಟು. ನನಗಿಂತ ಹಿರಿಯ, ನಿಧಾನದ ಮನುಷ್ಯ. ಅವರ ಕಿರಿಯ ಮಗಳು ಸಫಿಯಾ ಅಶ್ವಿನಿಯ ಕ್ಲಾಸಿನವಳು, ಶಟಲ್ ಜೊತೆಗಾರ್ತಿ. ನಾನು ಎರಡು ಟೆಂಪೋ ಮರದ ಹುಡಿ ಕೇಳಿದಾಗ ಹಸನಾಕ ಕನ್ನಡಕ ತೆಗೆದು ಒರೆಸಿದರು.

“ಕೊಂಡೋಗಿ ಶೀನಪ್ಪಣ್ಣ, ಎಷ್ಟು ಬೇಕಾದ್ರೂ ಕೊಂಡೋಗಿ. ಆದ್ರೆ ಇದು ನೀರು ಕುಡಿದ್ರೆ ಉಬ್ಬುತ್ತದಲ್ಲ?”

“ಹಸನಾಕ, ಇಪ್ಪತ್ತು ವರ್ಷದಿಂದ ಹಾಕ್ತಾ ಇದ್ದೇನೆ. ಒಮ್ಮೆಯೂ ಉಬ್ಬಲಿಲ್ಲ.”

“ಹೌದು,” ಎಂದರು ಹಸನಾಕ, “ಆದ್ರೆ ಮದುವೆ ಒಂದೇ ದಿನ ಅಲ್ವಾ?”

ಇಂಥ ಮಾತುಗಳಿಗೆ ಆಗಲೇ ಕಿವಿ ಕೊಡುವವನಾಗಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಬೇಸಗೆ ರಜೆಯಲ್ಲಿ ಹುಡಿ ಹರಡಿ ಹುಲ್ಲು ಬಿಡಿಸಿದೆವು. ಆಗ ಒಂದು ಸಂಗತಿ ಬೆಳಕಿಗೆ ಬಂತು. ಅದು ಟೆನಿಸ್ ಕೋರ್ಟಿನ ಹುಲ್ಲು ತಾನೇ? ಟೆನಿಸಿನ ಬಿಳಿ ಗೆರೆಗಳು ಅದರ ಮೇಲೇ ಇದ್ದವು! ಸುರುಳಿ ಮಾಡುವಾಗ ಹೋಟೆಲಿನವರು ಅಡ್ಡಾದಿಡ್ಡಿ ಕತ್ತರಿಸಿದ್ದರು. ನಾನು ಹಾಸಿ ಮುಗಿಸಿದಾಗ ಹಿತ್ತಲು ರೈಲ್ವೆ ಸ್ಟೇಷನ್ ಆಗಿತ್ತು. ಒಂದು ಗೆರೆ ನಡುವಿನಿಂದ ಹೊರಟು ನೇರ ಬಟ್ಟೆ ಒಗೆಯುವ ಕಲ್ಲಿಗೆ ಹೋಗಿ ನಿಂತಿತ್ತು. ಇನ್ನೊಂದು ಎಲ್ಲಿಂದಲೋ ಬಂದು ಎಲ್ಲಿಗೂ ಹೋಗದೆ ಮುಗಿದಿತ್ತು. ಕೆಂಪು ಬಣ್ಣದಲ್ಲಿ ಶಟಲಿನ ಗೆರೆ ಎಳೆದು, “ಕೆಂಪು ಸತ್ಯ, ಬಿಳಿ ಮಿಥ್ಯೆ” ಎಂದು ಮಕ್ಕಳಿಗೆ ಉಪದೇಶ ಮಾಡಿದೆ. ಹುಲ್ಲು ಅಲುಗದ ಹಾಗೆ ಸುತ್ತಲೂ ಗೂಟ ಹೊಡೆದು ಹಗ್ಗ ಕಟ್ಟಿದೆ. ಯಾವ ಗಂಟು? ಚಪ್ಪರದವನ ಕೈ ಯಾವ ಗಂಟು ಹಾಕುತ್ತದೋ ಅದೇ. ಜಾರುಗಂಟು! ಬೆಳಿಗ್ಗೆ ಒಂದು ತುದಿ ಎಳೆದರೆ ಇಡೀ ಚಪ್ಪರ ಬಿಚ್ಚಿಕೊಳ್ಳಬೇಕು, ಮುಂದಿನ ಮನೆಗೆ ಹೋಗಬೇಕು. ಕೈಗೆ ಬೇರೆ ಗಂಟು ಬರುವುದೇ ಇಲ್ಲ.

ಉದ್ಘಾಟನೆಯನ್ನು ಜೋರಾಗಿ ಮಾಡಿದೆ. ಸಾಮಾನು ನನ್ನದೇ ಅಲ್ಲವೇ? ಐವತ್ತು ಕುರ್ಚಿ, ಮೈಕು, ಬಣ್ಣದ ಲೈಟು, ಬೆಲ್ಲದ ಪಾನಕ. ಶಾಲೆಯ ಪಿಟಿ ಮಾಸ್ಟ್ರನ್ನು ಮುಖ್ಯ ಅತಿಥಿಯಾಗಿ ಕರೆದಿದ್ದೆ. ಅವರು ನೆರೆಹೊರೆಯವರ ಎದುರು, “ಮಗಳ ಕ್ರೀಡಾಸಕ್ತಿಗಾಗಿ ಗಲ್ಫ್ ಮಟ್ಟದ ಅಂಕಣ ನಿರ್ಮಿಸಿದ ಶ್ರೀಯುತ ಶೀನಪ್ಪನವರು...” ಎಂದು ನಾಲ್ಕು ಮಾತು ಆಡಿದರು. ನಾನು ಸುಮತಿಯ ಕಡೆ ನೋಡಿದೆ. ಅವಳು ಹಸುವಿನ ಕಡೆ ನೋಡುತ್ತಿದ್ದಳು. ಯಾರದೋ ಹಸು ಬೇಲಿ ದಾಟಿ ಬಂದು, ಹಸಿರು ಹುಲ್ಲಿಗೆ ಬಾಯಿ ಹಾಕಿ, ಒಂದು ಸಲ ಎಳೆದು, ತಲೆ ಎತ್ತಿತ್ತು. ಊಟದ ಹೊತ್ತಿಗೆ ಅನ್ನ ಮುಗಿದಿದೆ ಎಂದು ಹೇಳಿದ ಮದುವೆ ಮನೆಯ ಯಜಮಾನನನ್ನು ನೆಂಟರು ನೋಡುವ ಹಾಗೆ ನನ್ನನ್ನು ನೋಡಿ ಹೊರಟುಹೋಯಿತು.

ಮಾಸ್ಟ್ರು ಹುಲ್ಲಿನ ಮೇಲೆಯೇ, ಅಂಚಿನಲ್ಲಿ ಕುರ್ಚಿ ಹಾಕಿ ಕುಳಿತರು. ಸಫಿಯಾ ಕಾಕ್ ಎತ್ತಿ ಹೊಡೆದಳು. ಅಶ್ವಿನಿ ಮುಂದಕ್ಕೆ ನುಗ್ಗಿದಳು. ಕಾಲು ಒತ್ತಿದ ರಭಸಕ್ಕೆ ಒಂದು ಗಂಟು ಜಾರಿತು. ಒಂದು ಜಾರಿದರೆ ಉಳಿದದ್ದೂ ಜಾರಬೇಕೆಂದೇ ನಾನು ಕಟ್ಟಿದ್ದು. ಅದು ಇಪ್ಪತ್ತು ವರ್ಷಗಳ ನಿಯತ್ತಿನಿಂದ ತನ್ನ ಕೆಲಸ ಮಾಡಿತು. ಇಡೀ ಹುಲ್ಲು ಹುಡಿಯ ಮೇಲೆ ಸರ್ರನೆ ಸರಿಯಿತು. ಅದರ ಜೊತೆಗೆ ನೆಟ್ಟು ಸರಿಯಿತು. ನೆಟ್ಟಿನ ಜೊತೆಗೆ ಮುಖ್ಯ ಅತಿಥಿಗಳು ಕುರ್ಚಿ ಸಮೇತ ಹಲಸಿನ ಮರದ ಕಡೆಗೆ ಪ್ರಯಾಣ ಬೆಳೆಸಿದರು. ಕೈಯಲ್ಲಿದ್ದ ಪಾನಕದ ಒಂದು ಹನಿಯೂ ಚೆಲ್ಲಲಿಲ್ಲ!

“ಗಲ್ಫ್ ಮಟ್ಟ,” ಎಂದಳು ಸುಮತಿ ಮೆಲ್ಲಗೆ.

ಆ ಗಂಟುಗಳನ್ನೆಲ್ಲ ಬಿಗಿ ಮಾಡಿದೆ. ಮೇ ತಿಂಗಳು ಪೂರ್ತಿ ಮಕ್ಕಳು ಚೆನ್ನಾಗಿಯೇ ಆಡಿದರು. ಅಶ್ವಿನಿ ಬೀಳುತ್ತಿದ್ದಳು, ನಗುತ್ತಾ ಏಳುತ್ತಿದ್ದಳು. ನಾನು ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತಾ, ಇಡೀ ತಾಲೂಕಿನಲ್ಲಿ ಇಂಥ ಅಪ್ಪ ಎಷ್ಟು ಜನ ಇದ್ದಾರೆ ಎಂದು ಯೋಚಿಸುತ್ತಿದ್ದೆ.

ಜೂನ್ ಬಂತು. ಮಳೆಯೂ ಬಂತು. ನಮ್ಮ ಊರಿನ ಮಳೆಯ ಬಗ್ಗೆ ಹೇಳಬೇಕಾಗಿಲ್ಲ. ನಾನು ಹೆದರಲಿಲ್ಲ. ಚಪ್ಪರದವನಿಗೆ ಮಳೆಯ ಭಯವೇ? ಟಾರ್ಪಾಲು ತಂದು ಕೋರ್ಟಿನ ಮೇಲೆ ಚಾವಣಿಯ ಹಾಗೆ ಮಾಡು ಹಾಕಿದೆ. ಹದಿನಾರು ಅಡಿಯ ಕಂಬ ನೆಡಬೇಕೆಂದಿದ್ದೆ. ಆದರೆ ಹಲಸಿನ ಮರದ ಒಂದು ದಪ್ಪ ಕೊಂಬೆ ಕೋರ್ಟಿನ ಮೇಲೆಯೇ ಹನ್ನೊಂದು ಅಡಿ ಎತ್ತರದಲ್ಲಿ ಚಾಚಿಕೊಂಡಿತ್ತು. ಕೊಂಬೆ ಕಡಿಯುವುದಾ ಎಂದು ನಾನು ಕಣ್ಣಿನಲ್ಲೇ ಕೇಳಿದೆ. ಬೇಡ ಎಂದು ಸುಮತಿ ಕಣ್ಣಿನಲ್ಲೇ ಹೇಳಿದಳು. ಹಾಗಾಗಿ ಮಾಡು ಹತ್ತು ಅಡಿಗೆ ನಿಂತಿತು.

ಶಟಲ್ ಆಟದಲ್ಲಿ ಕಾಕ್ ಆಕಾಶಕ್ಕೆ ಹೋಗಿ ಬರಬೇಕು ಎಂಬುದು ನನಗೆ ಗೊತ್ತಿಲ್ಲ ಎಂದಲ್ಲ. ಆ ಹೊತ್ತಿಗೆ ನೆನಪಾಗಲಿಲ್ಲ ಅಷ್ಟೇ. ಅಶ್ವಿನಿ ಎತ್ತಿ ಹೊಡೆದರೆ ಕಾಕ್ ಟಾರ್ಪಾಲಿಗೆ ಬಡಿದು ದೊಪ್ಪನೆ ಅವಳ ತಲೆಯ ಮೇಲೇ ಬೀಳುತ್ತಿತ್ತು. ಹಾಗಾಗಿ ಇಬ್ಬರೂ ಕಾಕನ್ನು ನೆಟ್ಟಿಗೆ ಸವರಿದ ಹಾಗೆ ತಗ್ಗಿನಲ್ಲಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಚೆಯಿಂದ ಈಚೆಗೆ ಹೊಡೆಯತೊಡಗಿದರು. ಎತ್ತರದಿಂದ ಬಂದ ಹೊಡೆತವೆಂದರೆ ಆ ಮಳೆಗಾಲದಲ್ಲಿ ಒಂದೇ. ಅದು ಹಲಸಿನ ಹಣ್ಣಿನದು! ಟಾರ್ಪಾಲು ಹರಿದುಕೊಂಡು ನೇರ ನಡುಗೆರೆಯ ಮೇಲೆ ಬಿತ್ತು. ಪುಣ್ಯಕ್ಕೆ ಮಕ್ಕಳು ಶಾಲೆಯಲ್ಲಿದ್ದರು. ಸುಮತಿ ಬಂದು ನೋಡಿ, ಕೋರ್ಟಿಗೆ ಏನಾಯಿತೆಂದು ಕೇಳದೆ, ಹಣ್ಣು ಹಪ್ಪಳಕ್ಕೆ ಆಗುವುದಿಲ್ಲ ಎಂದು ಬೇಸರ ಮಾಡಿಕೊಂಡಳು.

ಆ ತೂತಿನಿಂದ ನೀರು ಇಳಿಯಿತು. ಬದಿಗಳಿಂದಲೂ ನುಗ್ಗಿತು. ಹುಲ್ಲಿನಡಿಯ ಮರದ ಹುಡಿ ನೀರು ಕುಡಿಯಿತು, ಕುಡಿಯಿತು, ಆಮೇಲೆ ಹಸನಾಕ ಹೇಳಿದ ಹಾಗೆಯೇ ದೋಸೆ ಹಿಟ್ಟಿನಂತೆ ಉಬ್ಬಿತು. ಸಮತಟ್ಟಾಗಿದ್ದ ನನ್ನ ಗಲ್ಫ್ ಅಂಕಣ ಅಲ್ಲಲ್ಲಿ ಗುಡ್ಡ, ಅಲ್ಲಲ್ಲಿ ಗುಂಡಿಯಾಯಿತು. ಕಾಲಿಟ್ಟರೆ ಪಚಕ್ ಎಂದು ಹೂತುಹೋಗುತ್ತಿತ್ತು, ಎತ್ತಿದರೆ ಪಚಕ್ ಎಂದು ಬಿಡುತ್ತಿತ್ತು. ಕೆಸರುಗದ್ದೆಯಲ್ಲಿ ಓಟ ಓಡಿದವರಿಗೆ ಮಾತ್ರ ಈ ಸುಖ ಗೊತ್ತು. ಒಂದು ವಾರ ಗುಡುಗು ಬಂದದ್ದೇ ತಡ, ಹುಲ್ಲಿನ ಸಂದುಗಳಿಂದ ಬಿಳಿ ಬಿಳಿ ತಲೆಗಳು ಮೇಲೆ ಬಂದವು. ಅಣಬೆ! ಪ್ಲಾಸ್ಟಿಕ್ ಹುಲ್ಲಿನಲ್ಲಿ ಅಣಬೆ ಬೆಳೆದ ಜಗತ್ತಿನ ಮೊದಲ ರೈತ ನಾನೇ ಇರಬೇಕು.

ಹಸನಾಕ ಕೊಡೆ ಹಿಡಿದು ಬಂದು, ಬಗ್ಗಿ ನೋಡಿದರು. ಉಬ್ಬಿದ್ದರ ಬಗ್ಗೆ ಒಂದು ಮಾತು ಹೇಳಲಿಲ್ಲ. ಅದು ಅವರ ದೊಡ್ಡತನ.

“ಅನ್ನಕ್ಕೆ ಪದಾರ್ಥ ಮಾಡ್ಲಿಕ್ಕಾದರೂ ಆಗ್ತದಾ ಹಸನಾಕ?” ಎಂದು ಸುಮತಿ ಕೇಳಿದಳು.

“ಈ ಜಾತಿಯದ್ದು ಬೇಡ ಅಕ್ಕ. ಇದನ್ನು ತಿಂದ್ರೆ ಶೀನಪ್ಪಣ್ಣ ನಾಳೆ ಚಪ್ಪರ ನಿಮ್ಮ ಅಂಗಳಕ್ಕೇ ಹಾಕಬೇಕಾದೀತು.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ಮಗಳಿಗೆ ನೆಲ ನಿಜವಾಗಿಯೂ ಡೊಂಕಾಗಿತ್ತು. ಆದರೂ ಅವಳು ಶಾಲೆ ಬಿಟ್ಟು ಬಂದವಳೇ ಅಣಬೆ ಕಿತ್ತು ಬದಿಗೆ ಎಸೆದು, ಸಫಿಯಾಳನ್ನು ಕರೆದು ಆಡಲು ಶುರು ಮಾಡುತ್ತಿದ್ದಳು. ಅವಳಿಗೆ ಕೋರ್ಟು ಇಷ್ಟವಾಗಿದೆ ಎಂದೇ ನಾನು ನಂಬಿದ್ದೆ.

ಒಂದು ಸಂಜೆ ಅಂಗಡಿಯಿಂದ ಬೇಗ ಬಂದೆ. ಹಿತ್ತಲಿನಲ್ಲಿ ಮಕ್ಕಳು ಮಾತಾಡುತ್ತಿದ್ದರು.

“ಇದರಲ್ಲಿ ಓಡ್ಲಿಕ್ಕೇ ಆಗುದಿಲ್ಲ ಮಾರಾಯ್ತಿ,” ಸಫಿಯಾ ಹೇಳಿದಳು. “ಕಾಲು ಹೂತು ಹೋಗ್ತದೆ. ನಿನ್ನ ಪಪ್ಪನಿಗೆ ಹೇಳು.”

“ಹೇಳ್ಬೇಡ,” ಎಂದಳು ಅಶ್ವಿನಿ. “ನನಗೋಸ್ಕರ ಮಾಡಿದ್ದಲ್ವಾ? ಪಾಪ, ಬೇಜಾರು ಮಾಡ್ತಾರೆ. ಹೇಗಾದ್ರೂ ಆಡುವ.”

ನಾನು ಬಾಗಿಲ ಹಿಂದೆಯೇ ನಿಂತೆ. ಮಗಳಿಗೆ ಉಪಕಾರ ಮಾಡಲು ಹೋದವನು ನಾನು, ಈಗ ನನ್ನ ಮನಸ್ಸು ನೋಯದಂತೆ ಆ ಮಗುವೇ ನನ್ನನ್ನು ಕಾಯುತ್ತಿತ್ತು! ಪಂದ್ಯಾಟಕ್ಕೆ ಉಳಿದದ್ದು ಎರಡು ವಾರ. ಇವಳು ಅಲ್ಲಿ ಸೋತರೆ ಬ್ಯಾಟನ್ನು ಅಟ್ಟಕ್ಕೆ ಹಾಕುವುದು ಸುಮತಿಯಲ್ಲ, ನಾನು. ಅಡುಗೆಮನೆಗೆ ಹೋಗಿ ಹೇಳಿದೆ:

“ಆ ಹುಲ್ಲು ಕಿತ್ತು ಬಿಸಾಡ್ತೇನೆ. ಜಲ್ಲಿ, ಹೊಯಿಗೆ ತರಿಸಿ ಸರಿ ಮಾಡ್ತೇನೆ. ನಾಳೆಯೇ.”

ಸುಮತಿ ಸೌಟು ಹಿಡಿದುಕೊಂಡೇ ತಿರುಗಿದಳು. “ಮುಟ್ಟಬೇಡಿ! ನಿಮ್ಮ ದಮ್ಮಯ್ಯ. ನೀವು ಸರಿ ಮಾಡ್ಲಿಕ್ಕೆ ಹೊರಟರೆ ಇದ್ದದ್ದೂ ಹೋಗ್ತದೆ.” ಮತ್ತೆ ಸೌಟನ್ನು ಕಿಟಕಿಯ ಕಡೆ ತೋರಿಸಿ ಹೇಳಿದಳು: “ನಾಲ್ಕು ತಿಂಗಳಲ್ಲಿ ಎಷ್ಟು ಸಲ ಬಿದ್ದಿದ್ದಾಳೆ ಗೊತ್ತುಂಟಾ? ನಾನು ಈ ಕಿಟಕಿಯಿಂದ ನೋಡ್ತಾ ಇರ್ತೇನೆ. ಒಂದು ಗೀರು ಇಲ್ಲ ಕಾಲಿಗೆ. ಅಷ್ಟು ಸಾಕು.”

ಅವಳು ಕಿಟಕಿಯಿಂದ ನೋಡುತ್ತಿದ್ದಳು ಎಂಬುದೇ ನನಗೆ ಹೊಸ ಸುದ್ದಿ.

ಚೌತಿ ಕಳೆದು ಪಂದ್ಯಾಟ ಬಂತು. ಮಳೆ ಬಿಡದ ಕಾರಣ ಬಂಟ್ವಾಳದ ಹತ್ತಿರದ ಒಂದು ದೊಡ್ಡ ಮದುವೆ ಹಾಲಿನಲ್ಲಿ ಇಟ್ಟಿದ್ದರು. ಇಂಥ ಹಾಲುಗಳು ಬಂದ ಮೇಲೆಯೇ ಅಂಗಳದ ಚಪ್ಪರಗಳು ಕಡಿಮೆಯಾದದ್ದು. ಹಾಗಾಗಿ ಅದು ನನಗೆ ಶತ್ರುವಿನ ಕೋಟೆ. ಒಳಗೆ ಹೋಗಿ ತಲೆ ಎತ್ತಿದೆ. ಮಾಡು ಎಷ್ಟು ಎತ್ತರ! ನನ್ನ ಹತ್ತು ಅಡಿಯ ಟಾರ್ಪಾಲು ನೆನಪಾಯಿತು. ಅಶ್ವಿನಿಗೆ ನಾಲ್ಕು ತಿಂಗಳಿನಿಂದ ಎತ್ತರದ ಕಾಕ್ ಎಂದರೇನೆಂದೇ ಗೊತ್ತಿಲ್ಲ. ಆಯ್ಕೆಯಾಗುವುದು ಫೈನಲಿಗೆ ಬಂದ ಇಬ್ಬರು ಮಾತ್ರ. ಸುಮತಿ ನನ್ನ ಪಕ್ಕದಲ್ಲಿ ಕೈಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ನೆಟ್ಟಗೆ ಕುಳಿತಿದ್ದಳು.

ಮೊದಲ ಪಂದ್ಯದ ಮೊದಲ ಗೇಮ್. ಎದುರಿನ ಹುಡುಗಿ ಕಾಕನ್ನು ಆಕಾಶಕ್ಕೆ ಎತ್ತಿದಳು. ಅಶ್ವಿನಿ ಅದು ಬರುವ ಮೊದಲೇ ಬ್ಯಾಟ್ ಬೀಸಿದಳು. ಗಾಳಿಗೆ ಬಡಿಯಿತು. ಮತ್ತೊಮ್ಮೆ ಹಾಗೆಯೇ. ಮಗದೊಮ್ಮೆ. ಜನ ನಕ್ಕರು. ಮೊದಲ ಗೇಮ್ ಹೀಗೆಯೇ ಹೋಯಿತು. ನಾನು ಕುರ್ಚಿಯ ಕೆಳಗೆ ನೋಡಿದೆ. ಅಡಗಲು ಜಾಗ ಸಾಲುತ್ತಿರಲಿಲ್ಲ.

ನೀರು ಕುಡಿಯಲು ಬಂದ ಅಶ್ವಿನಿಗೆ ಪಿಟಿ ಮಾಸ್ಟ್ರು ಏನೋ ಹೇಳಹೊರಟರು. ಅಷ್ಟರಲ್ಲಿ ಅವಳೇ ಹೇಳಿದಳು: “ಸರ್, ಇಲ್ಲಿ ಕಾಕ್ ಎಷ್ಟು ನಿಧಾನ ಬರ್ತದೆ! ಕಾಯ್ಬೇಕಲ್ವಾ?”

ಎರಡನೇ ಗೇಮ್‌ನಿಂದ ಅವಳು ಕಾದಳು. ನಮ್ಮ ಹಿತ್ತಲಿನಲ್ಲಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬರುತ್ತಿದ್ದ ಕಾಕ್ ಇಲ್ಲಿ ಬೆಳ್ತಂಗಡಿ ಬಸ್ಸಿನ ಹಾಗೆ ಎಲ್ಲ ಕಡೆ ನಿಂತು ನಿಂತು ಬರುತ್ತಿತ್ತು. ಬಂದ ಕೂಡಲೇ ಅವಳು ಅದನ್ನು ನೆಟ್ಟಿಗೆ ಸವರಿದ ಹಾಗೆ ಹೊಡೆಯುತ್ತಿದ್ದಳು, ಎದುರಿನವಳು ಬ್ಯಾಟ್ ಎತ್ತುವ ಮೊದಲೇ ಅದು ನೆಲದ ಮೇಲೆ. ಮತ್ತೆ ಕಾಲು! ಹೂತುಹೋಗುವ ನೆಲದಿಂದ ಎಳೆದೆಳೆದು ಅಭ್ಯಾಸವಾದ ಕಾಲಿಗೆ ಗಟ್ಟಿ ನೆಲ ಸಿಕ್ಕಿದ್ದೇ ತಡ, ಹುಡುಗಿ ಜಿಂಕೆಯಾದಳು. ಆ ಪಂದ್ಯ ಗೆದ್ದಳು. ಮಧ್ಯಾಹ್ನ ಇನ್ನೊಂದು. ಮೂರು ಗಂಟೆಗೆ ಸೆಮಿಫೈನಲ್.

ಸೆಮಿಫೈನಲ್ ಕೊನೆಯ ಪಾಯಿಂಟಿಗೆ ಅಶ್ವಿನಿ ಮುಂದಕ್ಕೆ ಹಾರಿ ಬಿದ್ದಳು. ಮೊಣಗಂಟು ಸಿಮೆಂಟಿಗೆ ಬಡಿದ ಸದ್ದು ನಮಗೆ ಕೇಳಿಸಿತು. ನಾನು ಸುಮತಿಯ ಕಡೆ ನೋಡಲು ಹೆದರಿದೆ. ನೋಡುವ ಅಗತ್ಯ ಬರಲಿಲ್ಲ. ಅವಳು ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು!

“ಏಳು ಮಗಾ! ಕಾಕ್ ಆಚೆ ಬಿದ್ದಿದೆ! ನಮ್ಮದೇ ಪಾಯಿಂಟ್! ಏಳು!”

ತೀರ್ಪುಗಾರರು, “ಅಮ್ಮಾ, ದಯವಿಟ್ಟು ಕೂತ್ಕೊಳ್ಳಿ,” ಎಂದು ಮೈಕಿನಲ್ಲಿ ಹೇಳಬೇಕಾಯಿತು. ಅಶ್ವಿನಿ ಎದ್ದು ಮೊಣಗಂಟು ಒರೆಸಿಕೊಂಡು ನಮ್ಮ ಕಡೆ ನೋಡಿ ನಕ್ಕಳು. ಚರ್ಮ ಸ್ವಲ್ಪ ತರಚಿಹೋಗಿತ್ತು. “ಅದೆಲ್ಲ ಲೆಕ್ಕಕ್ಕಿಲ್ಲ,” ಎಂದಳು ಸುಮತಿ, ಯಾರೂ ಕೇಳದಿದ್ದರೂ.

ಫೈನಲಿನಲ್ಲಿ ಅಶ್ವಿನಿ ಸೋತಳು. ಎದುರಿನವಳು ಜಾಣೆ, ಇವಳ ಆಟ ನೋಡಿಕೊಂಡು ಬಂದಿದ್ದಳು. ಆದರೂ ಜಿಲ್ಲಾ ಮಟ್ಟಕ್ಕೆ ಇಬ್ಬರ ಹೆಸರು ಓದಿದರು, ಎರಡನೆಯದು ನಮ್ಮದು. ಬರುವ ತಿಂಗಳು, ಮೂಡುಬಿದಿರೆಯಲ್ಲಿ. ನನಗೆ ಆದ ಸಂತೋಷ ಹೇಳಲಾರೆ. ಅತ್ತದ್ದು ಹೌದು. ಶತ್ರುವಿನ ಕೋಟೆಯಲ್ಲಿ ಕುಳಿತು ಕರವಸ್ತ್ರ ಒದ್ದೆ ಮಾಡಿಕೊಂಡೆ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಮುಂದಿನ ಭಾನುವಾರ ಪಿಟಿ ಮಾಸ್ಟ್ರು ಮೂಡುಬಿದಿರೆಯ ಒಬ್ಬ ಹಿರಿಯ ಕೋಚ್ ಅವರನ್ನು ಮನೆಗೆ ಕರೆದುಕೊಂಡು ಬಂದರು. ಹುಡುಗಿ ಅಭ್ಯಾಸ ಮಾಡಿದ ಜಾಗ ನೋಡಬೇಕು ಎಂದು ಅವರೇ ಕೇಳಿದ್ದರಂತೆ. ಪಿಟಿ ಮಾಸ್ಟ್ರು ಹುಲ್ಲಿನಿಂದ ನಾಲ್ಕು ಅಡಿ ದೂರ, ಗಟ್ಟಿ ನೆಲದಲ್ಲೇ ನಿಂತರು. ಕೋಚ್ ಚಪ್ಪಲಿ ಕಳಚಿ ಹುಲ್ಲಿನ ಮೇಲೆ ಕಾಲಿಟ್ಟರು. ಪಚಕ್! ಇನ್ನೊಂದು ಕಾಲು. ಪಚಕ್! ತಲೆ ಎತ್ತಿ ಟಾರ್ಪಾಲು ನೋಡಿದರು, ಕೈ ಎತ್ತಿ ಎತ್ತರ ಅಂದಾಜು ಮಾಡಿದರು. ಅವರ ಮುಖ ಗಂಭೀರವಾಯಿತು.

“ಕಾಲಿಗೆ ಭಾರ ಕೊಟ್ಟಿದ್ದೀರಿ. ಕೈಗೆ ವೇಗ ಕೊಟ್ಟಿದ್ದೀರಿ. ಗೆರೆಗಳನ್ನು ಗೋಜಲು ಮಾಡಿ ಕಣ್ಣಿಗೆ ಗಮನ ಕೊಟ್ಟಿದ್ದೀರಿ,” ಎಂದರು. “ಇಷ್ಟು ಯೋಚನೆ ಮಾಡಿ ಯಾರು ಯೋಜನೆ ಹಾಕಿದ್ದು ಇದನ್ನು?”

ನಾನು ಶರ್ಟಿನ ಗುಂಡಿ ಸರಿ ಮಾಡಿಕೊಂಡೆ. ಗಂಟಲು ಸರಿ ಮಾಡಿಕೊಂಡೆ. ಇಪ್ಪತ್ತು ವರ್ಷಗಳ ಅನುಭವ ಎಂದು ಶುರು ಮಾಡಲು ಬಾಯಿ ತೆರೆದೆ.

“ಯೋಜನೆ ಎಂತದು ಇಲ್ಲ ಸರ್,” ಎಂದಳು ಸುಮತಿ, ಚಹಾದ ಲೋಟ ಅವರ ಕೈಗೆ ಕೊಡುತ್ತಾ. “ಇವರಿಗೆ ಬರುವುದೇ ಇಷ್ಟು!”

ಹಸನಾಕ ಬೇಲಿಯ ಆಚೆ ಕೆಮ್ಮಿದರು. ಅಶ್ವಿನಿ, ಸಫಿಯಾ ಒಬ್ಬರ ಮುಖ ಒಬ್ಬರು ನೋಡಿ ಒಳಗೆ ಓಡಿದರು. ಕೋಚ್ ಚಹಾ ಕುಡಿದು ಮುಗಿಸಿ, ಜಿಲ್ಲಾ ಪಂದ್ಯ ಮುಗಿಯುವವರೆಗೆ ಇದನ್ನು ಯಾರೂ ಸರಿ ಮಾಡಬಾರದು, ಮುಖ್ಯವಾಗಿ ನಾನು ಮುಟ್ಟಬಾರದು ಎಂದು ಹೇಳಿ ಹೋದರು. ಎತ್ತರದ ಆಟ ಕಲಿಸಲು ವಾರಕ್ಕೆ ಒಂದು ದಿನ ಅಶ್ವಿನಿಯನ್ನು ತಮ್ಮಲ್ಲಿಗೆ ಕಳಿಸಲು ಹೇಳಿದರು. ಎರಡು ಬಸ್ಸಿನಲ್ಲಿ ಕರೆದುಕೊಂಡು ಹೋಗುವವಳು ತಾನೇ ಎಂದು ಸುಮತಿ ಆ ಕ್ಷಣವೇ ಒಪ್ಪಿಕೊಂಡಳು.

ಆಮೇಲೆ ಕೋಚ್ ಅವರ ಪರಿಚಯದ ಒಂದು ಶಾಲೆಯವರು ಇಂಥದ್ದೇ ಕೋರ್ಟು ಮಾಡಿಕೊಡಿ ಎಂದು ಕೇಳಿಕೊಂಡು ಬಂದರು. ನಾನು ಕೈ ಮುಗಿದೆ. ಸರಿಯಾದ ಕೆಲಸವಾದರೆ ಎಷ್ಟು ಸಲ ಬೇಕಾದರೂ ಮಾಡಬಹುದು. ಇಷ್ಟೊಂದು ತಪ್ಪುಗಳನ್ನು ಅದೇ ಅಳತೆಯಲ್ಲಿ ಇನ್ನೊಮ್ಮೆ ಮಾಡಲು ನನ್ನಿಂದ ಆಗದು.

ಅಟ್ಟದ ಆ ಖಾಲಿ ಜಾಗ? ಅದು ಖಾಲಿ ಉಳಿಯಲಿಲ್ಲ. ಮೊನ್ನೆ ಅಂಗಡಿಗೆ ಹೊರಡುವಾಗ ನನ್ನ ಅಳತೆ ಟೇಪು ಎಲ್ಲಿಯೂ ಕಾಣಲಿಲ್ಲ. ಕೇಳಿದೆ.

“ಅಟ್ಟದಲ್ಲಿ ಇಟ್ಟಿದ್ದೇನೆ,” ಎಂದಳು ಸುಮತಿ, ಅಶ್ವಿನಿಯ ಬ್ಯಾಟನ್ನು ಬಟ್ಟೆಯಿಂದ ಒರೆಸುತ್ತಾ. “ಹೇಗೂ ನಿಮಗೆ ಅದು ಬೇಡ ಅಲ್ವಾ?”